ಹನ್ನೆರಡು ಫೋಟೋಗಳಲ್ಲಿ ಒಂದು ಅಡಿಕೆ ಅಂಗಳ: ಸಿನಿಮಾದವರ ಕ್ರಮದಲ್ಲಿ ಫೋಟೋ ತೆಗೆಯುವುದು ಹೇಗೆ?

ಬೇಕಲ ಕೋಟೆಯ ಸೂರ್ಯಾಸ್ತ, ಅನಂತಪುರದ ಕೆರೆ ನಡುವಿನ ಗುಡಿ, ಪೊಸಡಿಗುಂಪೆಯ ಬೆಳಗಿನ ಮಂಜು. ಕಾಸರಗೋಡಿನ ಫೋಟೋ ಎಂದರೆ ಈ ಮೂರು ತಿರುತಿರುಗಿ ಬರುತ್ತವೆ. ಒಂದೊಂದನ್ನೇ ನೋಡಿದರೆ ಚೆನ್ನಾಗಿಯೇ ಇರುತ್ತವೆ. ಆದರೆ ಇಂಥ ಇಪ್ಪತ್ತನ್ನು ಸಾಲಾಗಿ ಇಟ್ಟರೂ ಮೊದಲನೆಯದು ಹೇಳಿದ್ದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ. ಪ್ರತಿಯೊಂದನ್ನೂ ಒಂಟಿಯಾಗಿ ಗೆಲ್ಲಬೇಕೆಂದು ತೆಗೆದಿರುವುದೇ ಇದಕ್ಕೆ ಕಾರಣ.

ಸಿನಿಮಾ ತೆಗೆಯುವವರ ಅಭ್ಯಾಸ ಬೇರೆ. ಯಾವ ಒಂದು ಶಾಟಿನ ಮೇಲೂ ಅವರು ಇಡೀ ಕಥೆಯ ಭಾರ ಹೊರಿಸುವುದಿಲ್ಲ. ಇದಕ್ಕೆ ಮೊದಲು ಏನಿತ್ತು, ಇದಾದ ಮೇಲೆ ಏನು ಬರಬೇಕು ಎಂಬುದು ಕ್ಯಾಮೆರಾ ಹೊರಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಸ್ಥಿರಚಿತ್ರ ತೆಗೆಯುವವರು ಅವರಿಂದ ಕಲಿಯಬೇಕಾದದ್ದು ಮುಖ್ಯವಾಗಿ ಇದನ್ನೇ. ಸಿನಿಮಾದ ಹಾಗೆ ಕಾಣುವ ಬಣ್ಣ, ಮೇಲೆ ಕೆಳಗೆ ಕಪ್ಪು ಪಟ್ಟಿ, ಇವೆಲ್ಲ ಆಮೇಲಿನ ಮಾತು. ಹಲವು ಸಲ ಬೇಡವೇ ಬೇಡ.

ಈ ಮಾರ್ಗದರ್ಶಿಗೆ ಉದಾಹರಣೆಯಾಗಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಮನೆಯಲ್ಲೂ ಸಿಗುವ ಕೆಲಸವನ್ನು ಇಟ್ಟುಕೊಳ್ಳೋಣ: ಅಡಿಕೆ ಕೊಯ್ಲಿನಿಂದ ಸುಲಿಯುವವರೆಗೆ. ಫೋಟೋ ಒಟ್ಟು ಹನ್ನೆರಡು. ಕ್ಯಾಮೆರಾ ಯಾವುದಾದರೂ ಆದೀತು. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್, ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 35 ಮಿ.ಮೀ. ಲೆನ್ಸ್ ಒಂದಿದ್ದರೆ ಸಾಕು. ಮೊಬೈಲಿನಲ್ಲಿ ಮಾಡುವವರಿಗೂ ದಾರಿ ಇದೆ, ಮುಂದೆ ಹೇಳಿದೆ.

ಹಂತ 1: ಒಂದು ಸಾಲು ಬರೆಯಿರಿ, ಅದರಲ್ಲಿ ಕ್ರಿಯಾಪದ ಇರಲಿ

“ಅಡಿಕೆ ಕೃಷಿ” ಎಂದು ಬರೆದರೆ ಅದು ವಿಷಯವಷ್ಟೇ. ಅದನ್ನು ಹಿಡಿದುಕೊಂಡು ಹೋದರೆ ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ತೆಗೆದು, ಸಂಜೆ ಮುನ್ನೂರು ಫೋಟೋ ಎದುರಿಗಿಟ್ಟುಕೊಂಡು ಯಾವುದನ್ನು ಇಡಬೇಕೆಂದು ತಿಳಿಯದೆ ಕೂರಬೇಕಾಗುತ್ತದೆ. “ಮರದ ಮೇಲಿನ ಹಣ್ಣಡಿಕೆ ನಲ್ವತ್ತು ಬಿಸಿಲು ಕಂಡು ಚೀಲ ಸೇರುತ್ತದೆ” ಎಂದು ಬರೆಯಿರಿ. ಈ ಸಾಲಿನಲ್ಲಿ ಆರಂಭ, ಕೊನೆ, ನಡುವೆ ಕಳೆಯಬೇಕಾದ ಕಾಲ ಮೂರೂ ಇವೆ. ಮನೆಯ ನಾಯಿ, ಬಾವಿಕಟ್ಟೆ, ತುಳಸಿಕಟ್ಟೆ ಎಷ್ಟೇ ಚಂದ ಕಂಡರೂ ಈ ಸಾಲಿಗೆ ಸೇರದಿದ್ದರೆ ಬಿಡಬೇಕು.

ಸಾಲು ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮೊದಲ ಫೋಟೋದಲ್ಲಿ ಇದ್ದ ಸ್ಥಿತಿ ಕೊನೆಯ ಫೋಟೋದಲ್ಲಿ ಬದಲಾಗಿರಬೇಕು. ಬದಲಾಗದಿದ್ದರೆ ನಿಮ್ಮ ಕೈಯಲ್ಲಿರುವುದು ಆಲ್ಬಂ.

ಹಂತ 2: ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಬನ್ನಿ

ಸಿನಿಮಾದವರು ಲೊಕೇಶನ್ ನೋಡಲು ಹೋಗುತ್ತಾರಲ್ಲ, ಅದೇ ಕೆಲಸ. ಕೈಯಲ್ಲಿ ನೋಟ್‌ಬುಕ್ ಮತ್ತು ಮೊಬೈಲಿನ ದಿಕ್ಸೂಚಿ ಇದ್ದರೆ ಸಾಕು. ಅಂಗಳ, ಜಗಲಿ, ತೋಟಕ್ಕೆ ಇಳಿಯುವ ದಾರಿ, ಇಷ್ಟನ್ನು ಮೇಲಿನಿಂದ ನೋಡಿದ ಹಾಗೆ ಒಂದು ಪುಟದಲ್ಲಿ ಗೀಚಿ, ಉತ್ತರ ದಿಕ್ಕು ಗುರುತು ಮಾಡಿ.

ಇಲ್ಲಿಯ ಬಿಸಿಲಿನ ಲೆಕ್ಕ ತಿಳಿದಿರಬೇಕು. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭಾರತದ ಗಡಿಯಾರ 82.5 ಡಿಗ್ರಿಯದ್ದು. ಆ ಏಳೂವರೆ ಡಿಗ್ರಿಯ ವ್ಯತ್ಯಾಸದಿಂದಾಗಿ ನಮ್ಮಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಕೊಯ್ಲಿನ ಕಾಲವಾದ ಡಿಸೆಂಬರಿನಲ್ಲಿ ಸೂರ್ಯೋದಯ ಹತ್ತಿರ ಹತ್ತಿರ ಆರೂಮುಕ್ಕಾಲಕ್ಕೆ. ಏಳರಿಂದ ಎಂಟೂಮುಕ್ಕಾಲರವರೆಗೆ ಬಿಸಿಲು ಅಡ್ಡಲಾಗಿ ಬೀಳುತ್ತದೆ. ಅಂಗಳದಲ್ಲಿ ಹರಡಿದ ಒಂದೊಂದು ಅಡಿಕೆಗೂ ಅದರದ್ದೇ ನೆರಳು ಇರುತ್ತದೆ. ಆ ತಿಂಗಳಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ಪೂರ್ತಿ ಸಾಯುವುದಿಲ್ಲ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಮಧ್ಯಾಹ್ನ ಅಂಗಳದ ಫೋಟೋ ಚಪ್ಪಟೆಯಾಗಿ, ಮುಖದಲ್ಲಿ ಕಣ್ಣಿನ ಜಾಗಕ್ಕೆ ಕಪ್ಪು ಗುಳಿ ಬೀಳುತ್ತದೆ.

ಹೋಗಿ ಬಂದಾಗ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು: ಯಾವ ಹೊತ್ತಿಗೆ ಅಂಗಳದ ಯಾವ ಮೂಲೆಗೆ ಮನೆಯ ನೆರಳು ಬೀಳುತ್ತದೆ, ಜಗಲಿಗೆ ಬೆಳಕು ಯಾವ ಬದಿಯಿಂದ ಬರುತ್ತದೆ, ಎತ್ತರದಿಂದ ನೋಡಲು ಮಾಳಿಗೆಯ ಕಿಟಕಿಯೋ ಗುಡ್ಡದ ಬದಿಯೋ ಇದೆಯೇ, ಕೊಯ್ಯುವವರು ಯಾವ ದಿನ ಬರುತ್ತಾರೆ. ಕೊನೆಯದನ್ನು ಕೇಳದೆ ಬಂದರೆ ಉಳಿದದ್ದೆಲ್ಲ ವ್ಯರ್ಥ. ಕೊಯ್ಯುವ ಜನ ಸಿಗುವುದೇ ಈಗ ಕಷ್ಟ, ಬಂದ ದಿನ ಅವರಿಗೆ ಬಿಡುವಿರುವುದಿಲ್ಲ, ಮತ್ತೊಮ್ಮೆ ಬನ್ನಿ ಎನ್ನುವ ಹಾಗೂ ಇಲ್ಲ.

ಮನೆಯವರ ಒಪ್ಪಿಗೆಯ ಜೊತೆಗೆ ಕೆಲಸ ಮಾಡುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಿ. ಯಜಮಾನರು ಹೂಂ ಎಂದರೆ ಸುಲಿಯಲು ಕೂತ ಅಕ್ಕನೂ ಹೂಂ ಎಂದ ಹಾಗಲ್ಲ.

ಹಂತ 3: ಹನ್ನೆರಡು ಚೌಕ ಬರೆದು ತುಂಬಿಸಿ

ಸತ್ಯಜಿತ್ ರಾಯ್ ಸಿನಿಮಾಕ್ಕೆ ಬರುವ ಮೊದಲು ಜಾಹೀರಾತು ಕಂಪನಿಯಲ್ಲಿ ಚಿತ್ರಕಾರರಾಗಿದ್ದವರು. 1955ರಲ್ಲಿ ಬಂದ ತಮ್ಮ ಮೊದಲ ಚಿತ್ರಕ್ಕೆ ಅವರು ದೃಶ್ಯಗಳನ್ನು ಪುಟ್ಟ ಪುಟ್ಟ ರೇಖಾಚಿತ್ರಗಳಾಗಿ ಬರೆದಿಟ್ಟುಕೊಂಡಿದ್ದರು. ಅವರ ಹಾಗೆ ಬರೆಯುವ ಕೈ ನಮಗೆ ಬೇಕಿಲ್ಲ. ಮನುಷ್ಯನಿಗೆ ಒಂದು ಗೆರೆ, ತಲೆಗೆ ಒಂದು ಸೊನ್ನೆ, ನೋಡುವ ದಿಕ್ಕಿಗೆ ಒಂದು ಬಾಣ ಇದ್ದರೆ ಸಾಕು. ಬರೆಯುವಾಗಲೇ ಎರಡು ವಿಷಯ ಹೊರಬೀಳುತ್ತವೆ: ಎಲ್ಲ ಚೌಕಗಳಲ್ಲೂ ಮನುಷ್ಯ ಒಂದೇ ಗಾತ್ರದಲ್ಲಿದ್ದಾನೆ, ಕೊನೆಗೆ ಏನಾಗುತ್ತದೆಂದು ನೀವು ಯೋಚಿಸಿಯೇ ಇಲ್ಲ. ಈ ಎರಡನ್ನು ಕಾಗದದಲ್ಲೇ ತಿದ್ದುವುದು ಸುಲಭ.

ನಮ್ಮ ಅಂಗಳಕ್ಕೆ ಪಟ್ಟಿ ಹೀಗಿರಬಹುದು.

1. ಮನೆ, ಅಂಗಳ, ಹಿಂದಿನ ತೋಟ ಎತ್ತರದಿಂದ. ಬೆಳಿಗ್ಗೆ ಏಳಕ್ಕೆ. ಜನ ಬೇಡ.
2. ದೋಟಿಯ (ಗೊನೆ ಕೊಯ್ಯುವ ಉದ್ದ ಕೋಲಿನ) ತುದಿ ಗೊನೆಯ ಬುಡಕ್ಕೆ ತಾಗಿರುವುದು. ಹಿನ್ನೆಲೆಯಲ್ಲಿ ಬರಿಯ ಆಕಾಶ.
3. ದೋಟಿ ಹಿಡಿದವರ ಮುಖ, ಮೇಲೆ ನೋಡುತ್ತಿರುವುದು.
4. ಬಿದ್ದು ಚದುರಿದ ಹಣ್ಣಡಿಕೆ, ಹೆಕ್ಕುವ ಕೈ.
5. ಹೊರೆ ಹೊತ್ತು ತೋಟದಿಂದ ಮೇಲೆ ಬರುವವರು, ಎಡದಿಂದ ಬಲಕ್ಕೆ.
6. ಅಂಗಳಕ್ಕೆ ಸುರಿಯುವ ಕ್ಷಣ.
7. ಹರಡುವ, ಮಗುಚುವ ಕೆಲಸ. ಕೈ ಅಥವಾ ಕಾಲು ಮಾತ್ರ.
8. ಬೇರೆ ಬೇರೆ ದಿನದ ಮೂರು ಅಡಿಕೆ ಅಕ್ಕಪಕ್ಕ, ಹತ್ತಿರದಿಂದ.
9. ಮಧ್ಯಾಹ್ನದ ಅಂಗಳ, ಯಾರೂ ಇಲ್ಲ.
10. ಜಗಲಿಯಲ್ಲಿ ಸುಲಿಯಲು ಕೂತವರು, ರಾಶಿಯ ಸಮೇತ.
11. ಸುಲಿಯುವ ಬೆರಳುಗಳು.
12. ಪಟೋರ, ಉಳ್ಳಿ, ಕರಿಗೋಟು ಎಂದು ದರ್ಜೆವಾರು ಹೆಕ್ಕಿ ಬೇರೆ ಮಾಡಿಟ್ಟ ರಾಶಿಗಳು, ಬಾಯಿ ತೆರೆದ ಚೀಲ.

ಎಂಟನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. ಇಡೀ ಸರಣಿಯಲ್ಲಿ ಕಾಲ ಸರಿದದ್ದನ್ನು ಹೇಳುವ ಜವಾಬ್ದಾರಿ ಅದರದ್ದು. ಇವತ್ತು ಕೊಯ್ದ ಹಣ್ಣಡಿಕೆ ಹಳದಿ-ಕೇಸರಿ, ಸಿಪ್ಪೆ ನುಣುಪು, ಬೆಳಕು ಬಿದ್ದ ಕಡೆ ಮಿಂಚುತ್ತದೆ. ಕೆಲವು ಬಿಸಿಲು ಕಂಡದ್ದರ ಹೊಳಪು ಹೋಗಿ ಅಲ್ಲಲ್ಲಿ ಕಂದು ಮಚ್ಚೆ ಹತ್ತಿರುತ್ತದೆ. ನಲ್ವತ್ತರ ಹತ್ತಿರ ಬಂದದ್ದು ಬೂದಿ ಬೆರೆತ ಕಂದು. ಸಿಪ್ಪೆ ಸುಕ್ಕುಗಟ್ಟಿ ನಾರು ಎದ್ದು ಕಾಣುತ್ತದೆ, ಕುಲುಕಿದರೆ ಒಳಗಿನ ಅಡಿಕೆ ಗಡಗಡ ಎನ್ನುತ್ತದೆ. ಈ ಮೂರನ್ನು ಒಂದೇ ಅಡ್ಡ ಬಿಸಿಲಿನಲ್ಲಿ, ಅಂಗಳದ ಮಣ್ಣಿನ ಮೇಲೆಯೇ ಇಟ್ಟು ತೆಗೆದರೆ ತಾರೀಕು ಬರೆಯದೆ ನಲ್ವತ್ತು ದಿನ ದಾಟಬಹುದು. ಗಡಿಯಾರ, ಕ್ಯಾಲೆಂಡರ್ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಒಂಬತ್ತನೆಯದು ವಿರಾಮದ ಫೋಟೋ. ಕೆಲಸದ ಎಂಟು ಫೋಟೋ ನೋಡಿ ಬಂದ ಕಣ್ಣಿಗೆ ಅದು ಬೇಕು. “ಇದರಲ್ಲಿ ಏನೂ ಇಲ್ಲವಲ್ಲ” ಎಂದು ಹೆಚ್ಚಿನವರು ಮೊದಲು ತೆಗೆದುಹಾಕುವುದು ಇದನ್ನೇ. ತೆಗೆದರೆ ಸುರಿದ ಅಡಿಕೆ ಮರುಕ್ಷಣವೇ ಸುಲಿಯುವ ಮಣೆಗೆ ಬಂದ ಹಾಗಾಗುತ್ತದೆ.

ಇದೇ ಕ್ರಮದಲ್ಲಿ ತೆಗೆಯಲು ನಲ್ವತ್ತು ದಿನ ಕಾಯಬೇಕಿಲ್ಲ. ಕೊಯ್ಲು ಹಲವು ಸುತ್ತು ನಡೆಯುತ್ತದೆ. ಮೊದಲ ಕೊಯ್ಲಿನದು ಸುಲಿಯಲು ಬಂದಿರುವ ದಿನ ಮುಂದಿನ ಕೊಯ್ಲಿನದು ಅಂಗಳದಲ್ಲಿ ಹಸಿಯಾಗಿ ಹರಡಿರಬಹುದು. ಸಿನಿಮಾದವರು ಕ್ಲೈಮ್ಯಾಕ್ಸನ್ನು ಮೊದಲ ದಿನವೇ ತೆಗೆದು ಮುಗಿಸುವ ಹಾಗೆ ನೀವೂ ಬೆಳಕು, ಜನ ಸಿಕ್ಕಿದ ಕ್ರಮದಲ್ಲಿ ತೆಗೆಯಿರಿ. ಜೋಡಿಸುವಾಗ ಮಾತ್ರ ಕಥೆಯ ಕ್ರಮ. ಹೀಗೆ ಮಾಡುವಾಗ ಬೇರೆ ದಿನ ಒಬ್ಬರೇ ವ್ಯಕ್ತಿಯನ್ನು ತೆಗೆಯುವುದಾದರೆ ಅವರು ಉಟ್ಟ ಬಟ್ಟೆ, ತಲೆಯ ಮುಟ್ಟಾಳೆಯೋ (ಹಾಳೆಯ ಟೊಪ್ಪಿ) ಬೈರಾಸೋ (ಟವೆಲು), ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 4: ಚೌಕಟ್ಟು ಒಂದೇ ಇರಲಿ

ಸಿನಿಮಾದ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸುವ ಹಾಗಿಲ್ಲ, ಪರದೆ ತಿರುಗುವುದಿಲ್ಲವಲ್ಲ. ಈ ನಿರ್ಬಂಧವನ್ನು ನೀವೂ ಹಾಕಿಕೊಳ್ಳಿ. ಹನ್ನೆರಡೂ ಅಡ್ಡ ಫೋಟೋ, ಹನ್ನೆರಡೂ ಒಂದೇ ಅನುಪಾತ.

ಯಾವ ಅನುಪಾತ? 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಅಗಲ, 4000 ಎತ್ತರ. ಅದನ್ನು 16:9 ಮಾಡಿದರೆ ಎತ್ತರ 3375ಕ್ಕೆ ಇಳಿಯುತ್ತದೆ. ಸಿನಿಮಾಸ್ಕೋಪಿನ 2.39:1 ಮಾಡಿದರೆ 2510 ಮಾತ್ರ ಉಳಿಯುತ್ತದೆ, ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಕತ್ತರಿಗೆ ಹೋಯಿತು. ಬೇಕಲದ ಕಡಲತೀರಕ್ಕೆ ಸ್ಕೋಪ್ ಹೊಂದೀತು, ತೋಟಕ್ಕೆ ಹೊಂದದು. ಅಡಿಕೆ ಮರದಷ್ಟು ನೀಳವಾದ ವಸ್ತು ಅಷ್ಟು ಕಿರಿದಾದ ಪಟ್ಟಿಯೊಳಗೆ ಬರಿಯ ಕಂಬವಾಗುತ್ತದೆ. ಕ್ಯಾಮೆರಾ ಕೊಡುವ 3:2 ಅನ್ನೇ ಇಟ್ಟುಕೊಳ್ಳಿ ಎನ್ನುವುದು ನಮ್ಮ ಸಲಹೆ.

ಹಾಗಾದರೆ ಎತ್ತರದ ಮರವನ್ನು ಅಡ್ಡ ಫೋಟೋದಲ್ಲಿ ತೋರಿಸುವುದು ಹೇಗೆ? ಎರಡಾಗಿ ಒಡೆದು. ಪಟ್ಟಿಯ 2 ಮತ್ತು 3 ಅದಕ್ಕಾಗಿಯೇ ಇವೆ. ಮೇಲೆ ಗೊನೆ, ಕೆಳಗೆ ಮೇಲೆ ನೋಡುವ ಮುಖ. ನಡುವಿನ ಎತ್ತರವನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. ನಿಲುವು ಫೋಟೋದಲ್ಲಿ ಇಡೀ ಮರ ತೋರಿಸಿದರೆ ಗೊನೆಯೂ ಚಿಕ್ಕದು, ಮುಖವೂ ಚಿಕ್ಕದು.

ಹಂತ 5: ಜೂಮ್ ಬಿಡಿ, ಹೆಜ್ಜೆ ಎಣಿಸಿ

50 ಮಿ.ಮೀ. ಲೆನ್ಸಿನಲ್ಲಿ ಅಡ್ಡ ಫೋಟೋ ತೆಗೆದರೆ ಚೌಕಟ್ಟಿನ ಎತ್ತರ ನೀವು ನಿಂತ ದೂರದ ಅರ್ಧಕ್ಕೆ ಸ್ವಲ್ಪ ಕಡಿಮೆ. ಲೆಕ್ಕ ಸುಲಭ: ತಲೆಯಿಂದ ಪಾದದವರೆಗೆ ಬೇಕಾದರೆ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ, ಸೊಂಟದಿಂದ ಮೇಲೆ ಬೇಕಾದರೆ ಎರಡು ಮೀಟರ್, ಮುಖ ಮತ್ತು ಹೆಗಲಿಗೆ ಒಂದು ಮೀಟರ್, ಕೈಗಳಿಗೆ ಅರುವತ್ತು ಸೆಂಟಿಮೀಟರ್. ಎಪಿಎಸ್-ಸಿಯಲ್ಲಿ 35 ಮಿ.ಮೀ. ಲೆನ್ಸಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಈ ನಾಲ್ಕು ದೂರಗಳು ಕಾಲಿಗೆ ಅಭ್ಯಾಸವಾದರೆ ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲೇ ಫೋಟೋ ಹೇಗೆ ಬರುತ್ತದೆಂದು ಗೊತ್ತಿರುತ್ತದೆ.

ಮೊಬೈಲಿನ ಮುಖ್ಯ ಕ್ಯಾಮೆರಾ ಇದಕ್ಕಿಂತ ತುಂಬ ಅಗಲ. ಅದರಲ್ಲಿ ಮುಖ ತುಂಬಿಸಲು ಅರ್ಧ ಮೀಟರಿಗೆ ಹೋಗಬೇಕಾಗುತ್ತದೆ, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಮುಖಕ್ಕೂ ಕೈಗೂ 2 ಎಕ್ಸ್ ಒತ್ತಿ, ಒಂದು ಮೀಟರ್ ದೂರದಲ್ಲಿ ನಿಲ್ಲಿ. ಅಗಲದ ಕ್ಯಾಮೆರಾವನ್ನು 1, 9, 12ಕ್ಕೆ ಮಾತ್ರ ಇಟ್ಟುಕೊಳ್ಳಿ.

ಅಕ್ಕಪಕ್ಕ ಬರುವ ಎರಡು ಫೋಟೋಗಳು ಒಂದೇ ಗಾತ್ರ, ಒಂದೇ ಕೋನದವಾಗಬಾರದು. ಸಿನಿಮಾ ಸಂಕಲನದಲ್ಲಿ ಇದಕ್ಕೊಂದು ಅಳತೆಯಿದೆ: ಒಂದೇ ವ್ಯಕ್ತಿಯ ಮುಂದಿನ ಶಾಟಿಗೆ ಕನಿಷ್ಠ 30 ಡಿಗ್ರಿ ಸರಿಯಬೇಕು, ಗಾತ್ರವೂ ಬದಲಾಗಬೇಕು. ಅಷ್ಟು ಸರಿಯದಿದ್ದರೆ ಫೋಟೋ ಸರಣಿಯಲ್ಲೂ ಎರಡು ಫೋಟೋ ಒಂದರ ನಕಲಿನಂತೆ ಕಾಣುತ್ತವೆ.

ಹಂತ 6: ಗೆರೆ ದಾಟಬೇಡಿ

ಸುಲಿಯುವವರು ಮತ್ತು ಅವರ ಎದುರಿನ ರಾಶಿಯ ನಡುವೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ನೀವು ಗೆರೆಯ ಒಂದು ಬದಿಯಲ್ಲೇ ಇದ್ದು ಎಷ್ಟು ಬೇಕಾದರೂ ತೆಗೆಯಬಹುದು. ಆಚೆ ಬದಿಗೆ ದಾಟಿದರೆ ಬಲಕ್ಕೆ ನೋಡುತ್ತಿದ್ದವರು ಎಡಕ್ಕೆ ನೋಡಲು ಶುರುಮಾಡುತ್ತಾರೆ. 180 ಡಿಗ್ರಿ ನಿಯಮ ಎನ್ನುವುದು ಇದನ್ನೇ.

ಫೋಟೋದವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಸರಣಿಯಲ್ಲಿ ಪೂರ್ತಿ ಸಂಬಂಧಿಸಿದೆ. ಐದನೆಯ ಫೋಟೋದಲ್ಲಿ ಹೊರೆ ಹೊತ್ತವರು ಎಡದಿಂದ ಬಲಕ್ಕೆ ಬಂದು, ಆರನೆಯದರಲ್ಲಿ ಬಲದಿಂದ ಎಡಕ್ಕೆ ಸುರಿದರೆ ಅಡಿಕೆಯನ್ನು ತೋಟಕ್ಕೆ ವಾಪಸು ಕೊಂಡುಹೋದ ಹಾಗೆ ಕಾಣುತ್ತದೆ. ನೋಡುವವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಏನೋ ಸರಿಯಿಲ್ಲ ಎಂದು ಒಂದು ಕ್ಷಣ ಎಡವುತ್ತಾರೆ. ಲೊಕೇಶನ್ ನೋಡಿ ಬರೆದ ನಕ್ಷೆಯ ಮೇಲೆ ತೋಟದಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ಬಾಣ ಹಾಕಿ, ಎಲ್ಲವೂ ಎಡದಿಂದ ಬಲಕ್ಕೆ ಕಾಣುವ ಬದಿ ಯಾವುದೆಂದು ಆರಿಸಿ, ಅಲ್ಲೇ ನಿಲ್ಲಿ. ಅನಿವಾರ್ಯವಾಗಿ ದಾಟಲೇಬೇಕಾದರೆ ನಡುವೆ ದಿಕ್ಕೇ ಇಲ್ಲದ ಒಂದು ಫೋಟೋ ಇಡಿ. ಎಂಟನೆಯದು, ಒಂಬತ್ತನೆಯದು ಆ ಕೆಲಸವನ್ನೂ ಮಾಡಿಕೊಡುತ್ತವೆ.

ದೋಟಿ ಎತ್ತಿದಾಗ ಮಾತ್ರ ಗೆರೆಗಿಂತ ತಲೆ ಮುಖ್ಯ. ಗೊನೆ ಹಲವು ಕಿಲೋ ತೂಗುತ್ತದೆ, ನೇರ ಬೀಳುತ್ತದೆ ಎನ್ನುವ ಹಾಗಿಲ್ಲ. ಕೊಯ್ಯುವವರು ನಿಲ್ಲು ಎಂದ ಜಾಗದಲ್ಲಿ ನಿಲ್ಲಿ. ಮೂರನೆಯ ಫೋಟೋದ ಮುಖವನ್ನು ಅವರು ಮುಂದಿನ ಗೊನೆ ಯಾವುದೆಂದು ನೋಡುತ್ತಿರುವಾಗ ತೆಗೆಯಿರಿ, ಕೊಯ್ಯುತ್ತಿರುವಾಗ ಬೇಡ.

ಹಂತ 7: ಬೆಳಕನ್ನು ಮನೆಯ ಸಾಮಾನಿನಿಂದ ಮಾಡಿಕೊಳ್ಳಿ

ಅಂಗಳದಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ. ಬೆಳಿಗ್ಗೆ ಎಂಟರ ಹೊತ್ತಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/160 ಸೆಕೆಂಡಿನಿಂದ ಶುರುಮಾಡಿ. ಹತ್ತಕ್ಕೆ 1/400ರ ಹತ್ತಿರ ಬರುತ್ತದೆ. ಆಟೋದಲ್ಲಿ ಬಿಟ್ಟರೆ ಬಿಳಿ ಮುಂಡು ಉಟ್ಟವರು ಚೌಕಟ್ಟಿಗೆ ಬಂದಾಗಲೆಲ್ಲ ಅಂಗಳ ಕಪ್ಪಾಗುತ್ತದೆ, ಹೋದಾಗ ಬೆಳ್ಳಗಾಗುತ್ತದೆ. ಹನ್ನೆರಡು ಫೋಟೋ ಹನ್ನೆರಡು ಊರಿನವಾಗುತ್ತವೆ. ವೈಟ್ ಬ್ಯಾಲೆನ್ಸನ್ನೂ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ಸೆಟ್ಟಿಂಗ್) ಹೊರಗಿನ ಬಿಸಿಲಿಗೆ 5500 ಕೆಲ್ವಿನ್‌ನಲ್ಲಿ ನಿಲ್ಲಿಸಿ.

ಸುರಿಯುವ ಕ್ಷಣಕ್ಕೆ ಶಟರ್ ವೇಗ ನೀವೇ ತೀರ್ಮಾನಿಸಬೇಕು. 1/500ರಲ್ಲಿ ಒಂದೊಂದು ಅಡಿಕೆಯೂ ಗಾಳಿಯಲ್ಲಿ ಬಿಡಿಯಾಗಿ ನಿಲ್ಲುತ್ತದೆ. 1/30ರಲ್ಲಿ ಹಳದಿ ಧಾರೆಯಾಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುವಾಗ ಶಟರ್ ಸಾಮಾನ್ಯವಾಗಿ 1/48. ಅಂದರೆ ಪರದೆಯಲ್ಲಿ ನಾವು ನೋಡುವ ಚಲನೆಯೆಲ್ಲ ಸ್ವಲ್ಪ ಮಸುಕಾದದ್ದೇ. ಆರನೆಯ ಫೋಟೋಗೆ 1/30 ಅಥವಾ 1/60 ಪ್ರಯತ್ನಿಸಿ. ಸುರಿಯುವವರ ಮೈ ಅಲುಗದೆ ಅಡಿಕೆ ಮಾತ್ರ ಮಸುಕಾದರೆ ಅದೇ ನಿಮ್ಮ ಫೋಟೋ. ಒಂದೇ ಬುಟ್ಟಿಯಲ್ಲಿ ಇದು ಸಿಗುವುದಿಲ್ಲ. ಬುಟ್ಟಿಗಳು ಬರುತ್ತಲೇ ಇರುತ್ತವೆ, ಒಂದೇ ಜಾಗದಲ್ಲಿ ಕಾಯಿರಿ.

ಕಷ್ಟ ಇರುವುದು ಜಗಲಿಯಲ್ಲಿ. ಹಂಚಿನ ಮಾಡು ತಗ್ಗು, ಹೊರಗೆ ಉರಿಬಿಸಿಲು, ಒಳಗೆ ಕತ್ತಲು. ಫ್ಲ್ಯಾಶ್ ಹೊಡೆದರೆ ಜಗಲಿಯ ಸ್ವಭಾವವೇ ಹಾಳು. ಇಲ್ಲಿ ಭಾರತದ ಇಬ್ಬರು ಛಾಯಾಗ್ರಾಹಕರ ಕೆಲಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1956ರ ಒಂದು ಚಿತ್ರದಲ್ಲಿ ಸುಬ್ರತ ಮಿತ್ರ ಅವರು ಸ್ಟುಡಿಯೋದಲ್ಲಿ ಕಟ್ಟಿದ ಕಾಶಿಯ ಮನೆಯ ಅಂಗಳಕ್ಕೆ ಆಕಾಶದ ಮೆದು ಬೆಳಕು ಬೇಕೆಂದು, ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ ಲೈಟುಗಳ ಬೆಳಕನ್ನು ಅದಕ್ಕೆ ಹೊಡೆದು ವಾಪಸು ಬೀಳಿಸಿದರು. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ ಒಂದು ಚಿತ್ರದಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಒಳಗೆ ತಿರುಗಿಸಿ, ಕತ್ತಲಲ್ಲಿ ಕಂಬದಂತೆ ನಿಲ್ಲುವ ಬೆಳಕಿನ ಕೋಲನ್ನು ಮಾಡಿದರು. ಬಟ್ಟೆಯಿಂದ ಬಂದ ಬೆಳಕು ಮೆದು, ನೆರಳಿನ ಅಂಚು ಕರಗಿರುತ್ತದೆ. ಕನ್ನಡಿಯಿಂದ ಬಂದದ್ದು ಗಡಸು, ಅಂಚು ಚೂಪು.

ಜಗಲಿಗೆ ಬಟ್ಟೆಯೇ ಸರಿ. ಒಂದು ಬಿಳಿ ಮುಂಡನ್ನೋ ಎರಡು ಅಡಿ ಅಗಲ ಮೂರು ಅಡಿ ಉದ್ದದ ಥರ್ಮಾಕೋಲ್ ಹಾಳೆಯನ್ನೋ ಬಿಸಿಲಿರುವ ಅಂಗಳದ ಅಂಚಿನಲ್ಲಿ, ಸುಲಿಯುವವರಿಂದ ಒಂದೂವರೆ ಎರಡು ಮೀಟರ್ ದೂರದಲ್ಲಿ ವಾಲಿಸಿ ಹಿಡಿಯಲು ಒಬ್ಬರಿಗೆ ಹೇಳಿ. ಮುಖಕ್ಕೆ ಬೆಳಕು ಏರುವುದು ಕಣ್ಣಿಗೇ ಕಾಣುತ್ತದೆ. ಐಎಸ್‌ಒ 800, ಎಫ್/2.8, 1/125ರ ಸುಮಾರಿಗೆ ಸಿಗಬೇಕು. ಹಾಳೆಯನ್ನು ನೆಲದ ಮಟ್ಟಕ್ಕೆ ಇಟ್ಟರೆ ಗದ್ದದ ಕೆಳಗಿನಿಂದ ಬೆಳಕು ಬಿದ್ದು ಮುಖ ಭಯ ಹುಟ್ಟಿಸುವಂತಾಗುತ್ತದೆ. ಕೂತವರ ಹೆಗಲಿನ ಎತ್ತರಕ್ಕೆ ಬರಲಿ. ಬರಿಗಣ್ಣಿಗೆ ಗೊತ್ತಾಗದ ಇನ್ನೊಂದು ಸಮಸ್ಯೆ ಬಣ್ಣದ್ದು: ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಕೆಂಪು ಅಂಗಳದಿಂದ ತಿರುಗಿದ ಬಿಸಿಲು ಮೈಗೆ ಕೆಂಪು ಹಚ್ಚುತ್ತದೆ, ತೋಟದೊಳಗಿನ ಬೆಳಕು ಹಸಿರು ಹಚ್ಚುತ್ತದೆ. ಬಿಳಿ ಹಾಳೆ ಎರಡನ್ನೂ ಬಹುಪಾಲು ಕಡಿಮೆ ಮಾಡುತ್ತದೆ.

ಹನ್ನೊಂದನೆಯ ಫೋಟೋಗೆ, ಅಂದರೆ ಬೆರಳುಗಳಿಗೆ ಮಾತ್ರ, ಮನೆಯ ಗೋಡೆಗನ್ನಡಿ ಬಳಸಿ ನೋಡಿ. ಅಂಗಳದಲ್ಲಿ ನಿಲ್ಲಿಸಿ ಬಿಸಿಲನ್ನು ಬದಿಯಿಂದ ಕೈಗಳ ಮೇಲೆ ಬೀಳಿಸಿದರೆ ಕತ್ತಿಯ ಅಲುಗು, ಎದ್ದ ನಾರು, ಉಗುರಿನ ಸಂದಿನ ಕಲೆ ಎಲ್ಲವೂ ಎದ್ದು ನಿಲ್ಲುತ್ತವೆ. ಕನ್ನಡಿ ಒಂದು ಕ್ಷಣವೂ ಅವರ ಕಣ್ಣಿಗೆ ಹೊಡೆಯಬಾರದು. ಕೈಯಲ್ಲಿ ಕತ್ತಿ ಇರುತ್ತದೆ. ಕೆಲಸ ನಿಲ್ಲಿಸಿದಾಗ ಬೆಳಕನ್ನು ಖಾಲಿ ಮಣೆಯ ಮೇಲೆ ಸರಿಮಾಡಿಕೊಂಡು, “ಅಕ್ಕಾ, ಬೆಳಕು ಕಣ್ಣಿಗೆ ತಾಗ್ತದಾ?” ಎಂದು ಕೇಳಿ ಶುರುಮಾಡಿ.

ರಾತ್ರಿಯ ಚೌಕಿಗೆ ಇದನ್ನೇ ಒಯ್ಯುವುದಾದರೆ

ಕುಂಬಳೆ ಸೀಮೆಯಲ್ಲಿದ್ದು ಯಕ್ಷಗಾನ ಆಟದ ಚೌಕಿಯನ್ನು, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗವನ್ನು, ತೆಗೆಯದ ಫೋಟೋದವರು ಕಡಿಮೆ. ತೆಗೆದದ್ದರಲ್ಲಿ ಹೆಚ್ಚಿನವು ಬಣ್ಣ ಮುಗಿದ ವೇಷದ ಮುಖಗಳು. ಇಲ್ಲಿಯೂ ಒಂದು ಸಾಲು ಬರೆಯಿರಿ: “ಮನೆಯಿಂದ ಬಂದ ಕಲಾವಿದ ರಂಗಸ್ಥಳಕ್ಕೆ ರಾಕ್ಷಸನಾಗಿ ಹೋಗುತ್ತಾನೆ.” ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ (ಬಿಳಿ ಮುಳ್ಳಿನಂಥ ಉಬ್ಬು ಸಾಲು) ಇಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ, ಕ್ರಮ ಪ್ರತಿ ಸಲ ಒಂದೇ. ಒಂದೇ ಜಾಗದಲ್ಲಿ ಕೂತು, ಕ್ಯಾಮೆರಾ ಅಲುಗಿಸದೆ, ಅರ್ಧ ಗಂಟೆಗೊಂದು ಫೋಟೋ ತೆಗೆದರೆ ಬದಲಾಗುವುದು ಮುಖ ಮಾತ್ರ. ಈ ಭಾಗದಲ್ಲಿ ಮಾತ್ರ 30 ಡಿಗ್ರಿಯ ಮಾತನ್ನು ಉದ್ದೇಶಪೂರ್ವಕವಾಗಿ ಮುರಿಯಬೇಕು.

ಬೆಳಕಿನಲ್ಲಿ ಒಂದು ತೊಡಕು ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಮತ್ತು ಕಡಿಮೆ ಬೆಲೆಯ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250, 1/500ರಲ್ಲಿ ತೆಗೆದರೆ ಒಂದು ಫೋಟೋ ಕಪ್ಪು, ಒಂದು ಹಳದಿ, ಇನ್ನೊಂದರಲ್ಲಿ ಅಡ್ಡ ಪಟ್ಟಿ. 1/50 ಅಥವಾ 1/100ಕ್ಕೆ ಇಳಿಸಿದರೆ ಪೂರ್ತಿ ಮಿನುಗು ಒಳಗೆ ಬಂದು ಸರಿಹೋಗುತ್ತದೆ. ಎಫ್/2, ಐಎಸ್‌ಒ 1600ರಿಂದ 3200. ರಂಗಸ್ಥಳದಲ್ಲಿ ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹೊಡೆಯುವಾಗ 1/15ಕ್ಕೆ ಇಳಿಸಿ ನೋಡಿ. ಚೌಕಿ ದೇವರಿಟ್ಟ ಜಾಗ, ಚಪ್ಪಲಿ ಹೊರಗೆ, ಫ್ಲ್ಯಾಶ್ ಚೀಲದೊಳಗೆ, ಕೂರುವ ಮೊದಲು “ಅಣ್ಣಾ, ಇಲ್ಲಿ ಕೂತರೆ ಅಡ್ಡ ಆಗ್ತದಾ?” ಎಂದು ಒಂದು ಮಾತು.

ಹಂತ 8: ಜೋಡಿಸುವುದು

ಇನ್ನೂರು ಫೋಟೋದಿಂದ ನಲ್ವತ್ತನ್ನು ಆರಿಸಿ, 4×6 ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಪರದೆಯ ಮೇಲೆ ಒಂದೊಂದನ್ನೇ ನೋಡುತ್ತ ಆರಿಸಿದರೆ ಮತ್ತೆ ಒಂಟಿ ಫೋಟೋದ ಚಟವೇ ಗೆಲ್ಲುತ್ತದೆ.

1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಭಾವನೆಯಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು ಇವುಗಳ ಪಕ್ಕ ಜೋಡಿಸಿ ತೋರಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತು. ನಿಮ್ಮ ಮೂರನೆಯ ಫೋಟೋ ಹಿಡಿದು ಇದನ್ನೇ ಮಾಡಿ. ಮೇಲೆ ನೋಡುವ ಆ ಮುಖದ ಮೊದಲು ಗೊನೆ ಇಟ್ಟರೆ ಅದು ಲೆಕ್ಕ ಹಾಕುವ ಮುಖ. ಕಪ್ಪು ಮೋಡ ಇಟ್ಟರೆ, ಅಂಗಳದಲ್ಲಿ ಹರಡಿದ್ದೆಲ್ಲ ನೆನೆಯುತ್ತದಲ್ಲ ಎಂಬ ಚಿಂತೆಯ ಮುಖ. ಇಷ್ಟು ಶಕ್ತಿ ನಿಮ್ಮ ಕೈಯಲ್ಲಿರುವುದರಿಂದಲೇ ಒಂದು ಎಚ್ಚರ ಬೇಕು: ಆ ದಿನ ಮೋಡ ಇರಲಿಲ್ಲವಾದರೆ ಮೋಡ ಇಡಬಾರದು. ನಿಜವಾದ ಮನೆಯ, ನಿಜವಾದ ಜನರ ಸರಣಿ ಇದು.

ಒಂದು ಫೋಟೋ ತೆಗೆದುಹಾಕಿ ನೋಡಿದಾಗ ಕೆಲಸದ ಕ್ರಮ ತುಂಡಾಗದಿದ್ದರೆ, ಒಂಬತ್ತನೆಯದರಂಥ ವಿರಾಮವೂ ಅಲ್ಲದಿದ್ದರೆ, ಅದು ಬೇಡ, ಎಷ್ಟೇ ಚಂದ ಇರಲಿ. ಅತ್ಯಂತ ಚಂದದ ಫೋಟೋವೇ ಹೊರಗೆ ಹೋಗಬೇಕಾಗಿ ಬರುವುದು ಇಲ್ಲಿ ಸಾಮಾನ್ಯ. ಅದನ್ನು ಬೇರೆ ಕಡೆ ಬಳಸಿಕೊಳ್ಳಿ.

ಬಣ್ಣ ತಿದ್ದುವಾಗ ಹನ್ನೆರಡನ್ನೂ ಒಟ್ಟಿಗೆ ತೆರೆದು, ಒಂದನ್ನು ಸರಿಮಾಡಿ ಉಳಿದವಕ್ಕೆ ಅದೇ ಸೆಟ್ಟಿಂಗ್ ಹಚ್ಚಿ. ಹಣ್ಣಡಿಕೆ ಹೊಳೆಯಲಿ ಎಂದು ಕಿತ್ತಳೆ ಸ್ಯಾಚುರೇಶನ್ ಏರಿಸಿದರೆ ನಮ್ಮ ಮೈಬಣ್ಣವೂ ಅದರಲ್ಲೇ ಸೇರಿರುವುದರಿಂದ ಮುಖ, ಕೈ ಎಲ್ಲ ಕಿತ್ತಳೆಯಾಗುತ್ತವೆ. ಅಡಿಕೆಯ ಮೇಲೆ ಮಾತ್ರ ಮಾಸ್ಕ್ ಹಾಕಿ ಏರಿಸಿ, ಅದೂ ಸ್ವಲ್ಪವೇ.

ಹಂತ 9: ಪ್ಯಾಚ್‌ವರ್ಕ್

ಶೂಟಿಂಗ್ ಮುಗಿದು ಎಡಿಟಿಂಗಿಗೆ ಕೂತ ಮೇಲೆ ಕೊರತೆ ಕಂಡು ಸಿನಿಮಾದವರು ಒಂದೆರಡು ಶಾಟಿಗೆ ಮತ್ತೆ ಹೋಗುತ್ತಾರೆ. ನಿಮಗೂ ಅದು ಬರುತ್ತದೆ. ಹನ್ನೆರಡರ ಪ್ರಿಂಟನ್ನು ಮೊದಲು ಆ ಮನೆಯವರಿಗೆ, ಸುಲಿದವರಿಗೆ ಸಾಲಾಗಿ ಇಟ್ಟು ತೋರಿಸಿ. ಫೋಟೋ ಚಂದ ಇದೆಯೇ ಎಂದು ಕೇಳಬೇಡಿ, ಕೆಲಸದ ಕ್ರಮ ಸರಿಯಿದೆಯೇ ಎಂದು ಕೇಳಿ. “ಹೆಕ್ಕುವ ಮೊದಲು ಇನ್ನೊಂದು ಕೆಲಸ ಉಂಟಲ್ಲ” ಎಂದು ಅವರು ಬೆರಳಿಟ್ಟು ತೋರಿಸಿದ ಜಾಗವೇ ನೀವು ಮತ್ತೆ ತೆಗೆಯಬೇಕಾದದ್ದು. ಹೋಗುವಾಗ ಮೂರು ವಿಷಯ ಜೊತೆಗಿರಲಿ: ಅಕ್ಕಪಕ್ಕ ಬರುವ ಎರಡು ಫೋಟೋಗಳ ಪ್ರಿಂಟು, ಅವುಗಳನ್ನು ತೆಗೆದ ಗಂಟೆ ಮತ್ತು ಎಕ್ಸ್‌ಪೋಶರ್, ಅವತ್ತಿನ ಬಟ್ಟೆಯ ಟಿಪ್ಪಣಿ. ಒಂದು ತಿಂಗಳೊಳಗೆ ಹೋದರೆ ಅದೇ ಗಂಟೆಗೆ ಬೆಳಕು ಹೊಂದಿಕೆಯಾಗುತ್ತದೆ. ಮಾರ್ಚ್ ದಾಟಿದರೆ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಅಂಗಳದ ಅಡಿಕೆಯೂ ಖಾಲಿಯಾಗುತ್ತ ಬಂದಿರುತ್ತದೆ. ಆಗ ಆ ಒಂದು ಚೌಕವನ್ನು ಖಾಲಿ ಇಟ್ಟು ಮುಂದಿನ ಕೊಯ್ಲಿಗೆ ಕಾಯುವುದೇ ಸರಿ.